ಕೊಳವೆ ಪುರಾಣ

ಸ್ಪೋರ್ಟ್ಸ್ ಕಾರು ಇದೆ ಎಂದರೆ ಸಾಕು, ಎದುರಿಗಿದ್ದವರು ಮೊದಲು ಕೇಳುವುದು ‘ಎಷ್ಟು ಸ್ಪೀಡು ಹೋಗುತ್ತೆ?’ ಎಂದು. ಎಷ್ಟು ನೀರು ಹಿಡಿಯುತ್ತೆ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಕೇಳಿದರೆ ಹೇಳಲು ಉತ್ತರವಂತೂ ಸಿದ್ಧವಾಗಿದೆ: ಹತ್ತಿರ ಹತ್ತಿರ 13 ಲೀಟರ್. 1.6 ಲೀಟರಿನ ಪುಟ್ಟ ಎಂಜಿನ್ನಿಗೆ ಇದು ಅತಿಯಾಯಿತು ಎನ್ನಬೇಕು. ಅದೇ ಎಂಜಿನ್ ಕೂರಿಸಿದ ಅಂದಿನ ಕೊರೊಲ್ಲಾ ಕಾರಿಗೆ ಇದರ ಅರ್ಧ ಸಾಕು. ನನ್ನ ಕಾರಿನಲ್ಲಿ ಮಿಕ್ಕ ನೀರು ಎಲ್ಲಿರುತ್ತದೆ ಎಂದರೆ, ದಾರಿಯಲ್ಲಿ.

ಕಾರು ಟೊಯೊಟಾ ಎಂಆರ್2, 1980ರ ದಶಕದ್ದು, ಮೊದಲ ಪೀಳಿಗೆಯದು. ಇಬ್ಬರಿಗಷ್ಟೇ ಜಾಗ. ಬೇಕೆಂದಾಗ ಎದ್ದು ಬೇಡವೆಂದಾಗ ಮಲಗುವ ಹೆಡ್‌ಲೈಟು. ಸ್ಕೇಲು ಬಿಟ್ಟು ಬೇರೆ ಉಪಕರಣವನ್ನೇ ಮುಟ್ಟದವನು ಬರೆದ ಮೈಕಟ್ಟು. 1976ರಲ್ಲಿ ಟೊಯೊಟಾದವರ ತಲೆಯಲ್ಲಿ ಮೊಳೆತ ಯೋಚನೆ, 1983ರ ಟೋಕಿಯೊ ಮೋಟರ್ ಶೋನಲ್ಲಿ ಎಸ್‌ವಿ-3 ಎಂಬ ಹೆಸರಿನಲ್ಲಿ ಮೈದೋರಿ, 1984ರಲ್ಲಿ ಅಂಗಡಿಗೆ ಬಂತು. ಜಪಾನಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ನಡು-ಎಂಜಿನ್ ಕಾರು ಇದೇ. ಅಂದರೆ ಎಂಜಿನ್ ಮುಂದೆ ಬಾನೆಟ್ಟಿನ ಕೆಳಗೆ ಅಲ್ಲ, ನಮ್ಮ ಸೀಟಿನ ಬೆನ್ನಿಗೆ, ಹಿಂದಿನ ಚಕ್ರಗಳಿಗಿಂತ ತುಸು ಮುಂದೆ ಕೂತಿರುತ್ತದೆ. ಭಾರವೆಲ್ಲ ನಡುವಿಗೆ ಬಂದರೆ ಕಾರು ತಿರುವಿನಲ್ಲಿ ಚುರುಕಾಗಿ ಹೊರಳುತ್ತದೆ, ಅದಕ್ಕೇ ಈ ಏರ್ಪಾಡು. ಆದರೆ ರೇಡಿಯೇಟರಿಗೆ ಎದುರುಗಾಳಿ ಬೇಕಲ್ಲ, ಅದು ಮಾತ್ರ ಮೂತಿಯಲ್ಲೇ ಉಳಿಯಿತು. ಬೇಯುವವನು ಹಿಂದೆ, ಗಾಳಿ ಬೀಸುವವನು ಮುಂದೆ, ನಡುವೆ ನಾವು. ನಮ್ಮ ಕಾಲಡಿಯಲ್ಲಿ ಎರಡು ಉದ್ದನೆಯ ಲೋಹದ ಕೊಳವೆಗಳು. ಒಂದರಲ್ಲಿ ಬಿಸಿನೀರು ಮುಂದಕ್ಕೆ ಹೋಗುತ್ತದೆ, ಇನ್ನೊಂದರಲ್ಲಿ ಆರಿದ್ದು ಹಿಂದಕ್ಕೆ ಬರುತ್ತದೆ.

ಎಂಜಿನ್ ಸದಾ ನಡುಗುವ ಪ್ರಾಣಿ. ನೆಲದಡಿಯ ಕೊಳವೆಯೋ ಕಾರಿನ ಮೈಗೆ ಬಿಗಿದದ್ದು, ಅಲುಗಾಡುವ ಹಾಗಿಲ್ಲ. ಇವೆರಡನ್ನೂ ಲೋಹದಿಂದಲೇ ಜೋಡಿಸಿದರೆ ಬೆಸುಗೆ ಬಿಡುವುದು ಖಂಡಿತ. ಅಲ್ಲಿ ಬೇಕಾದದ್ದು ಇಬ್ಬರ ಮಾತಿಗೂ ತಲೆಯಾಡಿಸಿ ಯಾರ ಪಕ್ಷಕ್ಕೂ ಸೇರದ ಒಂದು ವಸ್ತು. ರಬ್ಬರ್ ಹೋಸ್ ಆ ಹುದ್ದೆಯಲ್ಲಿದೆ. ರೇಡಿಯೇಟರಿನ ಮೇಲೊಂದು, ಕೆಳಗೊಂದು, ಹಿಂದೆ ಎಂಜಿನ್ನಿಗೆ ಸೇರುವಲ್ಲಿ ಮತ್ತೆ ದಪ್ಪನೆಯವು, ಹೀಟರಿಗೆ ಹೋಗಿಬರುವವು, ಥ್ರಾಟಲ್ ಬಾಡಿಯನ್ನು ಬೆಚ್ಚಗಿಡುವ ಬೆರಳುಗಾತ್ರದವು. ಸರ್ವಿಸ್ ಪುಸ್ತಕದ ಚಿತ್ರದಲ್ಲಿ ಇವೆಲ್ಲ ಸಭ್ಯವಾಗಿ ಸಾಲಾಗಿ ಕಾಣುತ್ತವೆ. ಕಾರಿನೊಳಗೆ ಕೈ ಹಾಕಿದಾಗ ಮಾತ್ರ ಒಂದೊಂದೂ ಇನ್ನೊಂದರ ಬೆನ್ನಿಗೆ ಅಡಗಿರುತ್ತದೆ.

ನೀರನ್ನು ತಂಪು ಮಾಡುವ ವಿದ್ಯೆ ಕಾರಿಗೆ ಸುಲಭವಾಗಿ ಒಲಿದದ್ದಲ್ಲ. ವಿಲ್‌ಹೆಲ್ಮ್ ಮೈಬಾಖ್ 1901ರ ಮರ್ಸಿಡಿಸ್ ಕಾರಿಗೆ ಜೇನುಗೂಡಿನ ರೇಡಿಯೇಟರ್ ಮಾಡಿದಾಗ ಅದರಲ್ಲಿ 8,070 ಸಣ್ಣ ನಳಿಕೆಗಳನ್ನು ಕೂರಿಸಿದ್ದ. ಆ ಬೆಸುಗೆ ಹಾಕಿದ ಕೈಗಳನ್ನು ನೆನೆದರೆ ನನ್ನ ಕೆಲಸ ಏನೂ ಅಲ್ಲ ಅನ್ನಿಸುತ್ತದೆ. ಇತ್ತ ಪೋರ್ಷೆಯವರು 911 ಕಾರನ್ನು 1990ರ ದಶಕದ ಕೊನೆಯವರೆಗೂ ಬರೀ ಗಾಳಿಯಿಂದಲೇ ತಣಿಸಿದರು. ಕೊನೆಗೆ ನೀರು ಬಂದಾಗ ಹಳೆಯ ಭಕ್ತರು ಮಡಿ ಕೆಟ್ಟಿತು ಎಂದು ಗೊಣಗಿದರು. ನಾನು ನೀರಿನ ಪಕ್ಷ. ಗಾಳಿಯಿಂದ ತಣಿಯುವ ಕಾರಿನಲ್ಲಿ ಹೋಸ್ ಇಲ್ಲ ಎನ್ನುವುದು ನಿಜ. ಆದರೆ ಚಳಿಗಾಲದಲ್ಲಿ ಅವರ ಹೀಟರಿನ ಮುಂದೆ ಕೈಯೊಡ್ಡಿ ಕೂತವರಿಗೆ ಅದರ ಬೆಲೆ ಗೊತ್ತು.

ನಾನಿರುವುದು ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಊರಿನ ಅಂಚಿನಲ್ಲಿ. ಹುಟ್ಟಿದ್ದು ಸುಳ್ಯದ ಕಡೆ. ಎರಡೂ ರಬ್ಬರಿನ ಊರುಗಳೇ. ಸುಳ್ಯದಲ್ಲಿ ರಬ್ಬರ್ ಎಂದರೆ ಮರ. ಬೆಳಕು ಹರಿಯುವ ಮೊದಲೇ ಟ್ಯಾಪಿಂಗಿನವರು ತಲೆಗೆ ಟಾರ್ಚು ಕಟ್ಟಿಕೊಂಡು ತೋಟಕ್ಕಿಳಿಯುತ್ತಿದ್ದರು, ಏಕೆಂದರೆ ಬಿಸಿಲೇರಿದರೆ ಹಾಲು ಇಳಿಯುವುದು ಕಡಿಮೆ. ಓರೆಯಾಗಿ ಗೀರಿದ ತೊಗಟೆಯಿಂದ ತೆಂಗಿನ ಗೆರಟೆಗೆ ತೊಟ್ಟಿಕ್ಕುವ ಬಿಳಿ ಹಾಲು, ಅದಕ್ಕೆ ಆ್ಯಸಿಡ್ ಬೆರೆಸಿ ಹೆಪ್ಪಾಗಿಸುವುದು, ರೋಲರಿಗೆ ಕೊಟ್ಟು ಶೀಟು ಮಾಡುವುದು, ಹೊಗೆಗೂಡಿನಲ್ಲಿ ಒಣಗಿಸುವುದು. ಆ ಹೊಗೆಗೂಡಿನ ವಾಸನೆ ಶಾಲೆಯ ಯೂನಿಫಾರಂಗೂ ಹತ್ತುತ್ತಿತ್ತು. ಊರಿನ ಸುತ್ತ ಸರ್ಕಾರಿ ಅರಣ್ಯ ನಿಗಮದ ರಬ್ಬರ್ ತೋಟಗಳೂ ಇದ್ದವು. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ನೆಲೆ ಕೊಡಲೆಂದು ಬೆಳೆಸಿದ ತೋಟಗಳು ಅವು. ನನ್ನ ಜೊತೆ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗರಲ್ಲಿ ಕೆಲವರು ಆ ಮನೆಗಳವರೇ.

ಆಕ್ರನ್ ಕಡೆಯಲ್ಲಿ ರಬ್ಬರ್ ಎಂದರೆ ಫ್ಯಾಕ್ಟರಿ. ಒಂದು ಕಾಲಕ್ಕೆ ಗುಡ್‌ಇಯರ್, ಗುಡ್‌ರಿಚ್, ಫೈರ್‌ಸ್ಟೋನ್, ಜನರಲ್ ಟೈರ್ ನಾಲ್ಕೂ ಇಲ್ಲೇ ನೆಲೆಯೂರಿದ್ದವು. ಜಗತ್ತಿನ ರಬ್ಬರ್ ರಾಜಧಾನಿ ಎಂದು ಊರು ಬೀಗುತ್ತಿತ್ತು. ಸ್ವಾರಸ್ಯದ ಸಂಗತಿ ಎಂದರೆ ಈ ಊರಿನ ರಬ್ಬರ್ ಕತೆ ಟೈರಿನಿಂದ ಶುರುವಾದದ್ದಲ್ಲ, ಹೋಸ್‌ನಿಂದ. ಬೆಂಜಮಿನ್ ಫ್ರಾಂಕ್ಲಿನ್ ಗುಡ್‌ರಿಚ್ ಎಂಬ ಡಾಕ್ಟರು 1870ರಲ್ಲಿ ಇಲ್ಲಿ ಕಾರ್ಖಾನೆ ಹಾಕಿದಾಗ ಕಾರೇ ಇರಲಿಲ್ಲ. ಆತ ಮೊದಮೊದಲು ಮಾಡಿ ಹೆಸರಾದದ್ದು ಬೆಂಕಿ ಆರಿಸುವವರ ಕೊಳವೆಗೆ. ಅದಕ್ಕೂ ಮುಂಚೆ ಅಗ್ನಿಶಾಮಕರು ಚರ್ಮದ ಕೊಳವೆ ಹಿಡಿದು ಓಡುತ್ತಿದ್ದರು. ಅದು ಒಡೆದುಹೋಗಿ ಗೆಳೆಯನ ಮನೆ ಕಣ್ಣೆದುರೇ ಸುಟ್ಟದ್ದನ್ನು ಕಂಡು ಗುಡ್‌ರಿಚ್ ಈ ಕೆಲಸಕ್ಕೆ ಇಳಿದ ಎಂದು ಇಲ್ಲಿಯವರು ಕತೆ ಹೇಳುತ್ತಾರೆ. ಇನ್ನು ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿ ಗಟ್ಟಿಗೊಳಿಸುವ ಗುಟ್ಟನ್ನು 1839ರಲ್ಲಿ ಕಂಡುಕೊಂಡ ಚಾರ್ಲ್ಸ್ ಗುಡ್‌ಇಯರ್ ಸಾಲದಲ್ಲೇ ಬದುಕಿ 1860ರಲ್ಲಿ ಸಾಲ ಬಿಟ್ಟೇ ಸತ್ತ. ಅವನ ಹೆಸರಿನ ಕಂಪನಿ ಹುಟ್ಟಿದ್ದು 1898ರಲ್ಲಿ. ಅವನ ಮನೆಯವರಿಗೂ ಅದಕ್ಕೂ ಸಂಬಂಧವಿಲ್ಲ. ದುಡ್ಡು ಕೊಡದೆ ಸಿಗುವುದು ಹೆಸರೊಂದೇ ತಾನೆ!

ಈಗ ಇಲ್ಲಿ ಟೈರು ಮಾಡುವ ಚಿಮಣಿಗಳು ಬಹುಪಾಲು ತಣ್ಣಗಾಗಿ ಕಾಲವಾಯಿತು. ಉಳಿದಿರುವುದು ನೆನಪು ಮತ್ತು ನನ್ನ ನೆರೆಮನೆಯ ಮುದುಕ. ರಬ್ಬರ್ ಕಾರ್ಖಾನೆಯ ಹೋಸ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ನನ್ನ ಗ್ಯಾರೇಜಿನ ಬಾಗಿಲು ಏಳುವ ಸದ್ದು ಕೇಳಿದರೆ ಸಾಕು, ಮಡಚುವ ಕುರ್ಚಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದುಬಿಡುತ್ತಾನೆ. ಕೆಲಸಕ್ಕೆ ಕೈ ಹಾಕುವುದಿಲ್ಲ. ವೀಕ್ಷಕ ವಿವರಣೆ ಮಾತ್ರ.

ಹೋಸ್ ಬದಲಿಸುವ ಮಾತು ಶುರುವಾದದ್ದೂ ಅವನ ಹೆಬ್ಬೆರಳಿನಿಂದ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರಾದ್ದರಿಂದ ಕಾರು ನವೆಂಬರಿನಿಂದ ಗ್ಯಾರೇಜಿನಲ್ಲೇ ಹೊದ್ದು ಮಲಗಿತ್ತು. ಏಪ್ರಿಲ್ಲಿನಲ್ಲಿ ಹೊದಿಕೆ ತೆಗೆದಾಗ ಎಲ್ಲ ಸರಿಯಾಗಿಯೇ ಕಂಡಿತು. ನೆಲದ ಮೇಲೆ ಒಂದು ಹನಿ ಇರಲಿಲ್ಲ. ಅವನು ಬಗ್ಗಿ ಹೋಸ್‌ನ ನಡುವನ್ನು ಒತ್ತಿದ, ಗಟ್ಟಿಯಾಗಿತ್ತು. ಆಮೇಲೆ ಕ್ಲಾಂಪಿನ ಪಕ್ಕದಲ್ಲಿ, ಒಂದೆರಡು ಅಂಗುಲ ಈಚೆಗೆ, ಬೆರಳುಗಳ ನಡುವೆ ಹಿಡಿದು ಹಿಚುಕಿದ. ಅಲ್ಲಿ ಮೆತ್ತಗಾಗಿತ್ತು, ಮತ್ತು ಒಳಗಿನಿಂದ ಚಕ್ಕುಲಿ ಮುರಿದಂಥ ಸದ್ದು ಬಂತು.

“ಕೇಳಿಸ್ತಾ?” ಎಂದ.

“ಹೊರಗೆ ಏನೂ ಆಗಿಲ್ಲವಲ್ಲ?”

“ಹೊರಗೆ ಆಗೋದು ಕೊನೇ ದಿನ.”

ಅವನು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಹೋಸ್ ಹಳತಾಗುವುದು ಬರೀ ಬಿಸಿಯಿಂದ ಎಂದು ತಿಳಿದವರೇ ಹೆಚ್ಚು. ಬಿಸಿಯೂ ಕಾರಣ, ಸೋರಿದ ಆಯಿಲೂ ಕಾರಣ. ಆದರೆ ದೊಡ್ಡ ಕಳ್ಳ ಬೇರೆಯೇ. ಎಂಜಿನ್ನಿನ ಲೋಹ, ಕೂಲೆಂಟ್ ಎಂಬ ದ್ರವ, ಕಪ್ಪು ಇಂಗಾಲ ಬೆರೆಸಿದ್ದರಿಂದ ತುಸು ವಿದ್ಯುತ್ ಹರಿಯಬಿಡುವ ರಬ್ಬರ್. ಈ ಮೂರೂ ಕೂಡಿದರೆ ಅಲ್ಲೊಂದು ಬ್ಯಾಟರಿ ಆಗಿಬಿಡುತ್ತದೆ. ಆ ಅತ್ಯಲ್ಪ ವಿದ್ಯುತ್ತು ವರ್ಷಗಟ್ಟಲೆ ಹೋಸ್‌ನ ಒಳಗೋಡೆಯನ್ನು ಕೆರೆಯುತ್ತ ಕಣ್ಣಿಗೆ ಕಾಣದ ಸೀಳುಗಳನ್ನು ಮಾಡುತ್ತದೆ, ಅದೂ ಲೋಹಕ್ಕೆ ಹತ್ತಿರದ ತುದಿಗಳಲ್ಲೇ ಹೆಚ್ಚು. ಸೀಳಿನೊಳಗೆ ಹೊಕ್ಕ ದ್ರವ ಮೊದಲು ರಬ್ಬರಿನ ಪದರಗಳ ನಡುವಿನ ನೂಲಿನ ಹೆಣಿಗೆಯನ್ನು ಹಾಳುಮಾಡುತ್ತದೆ. ನೂಲು ಸೋತರೆ ಹೋಸ್ ಸೋತ ಹಾಗೆ, ಏಕೆಂದರೆ ಒತ್ತಡವನ್ನು ತಡೆಯುವುದು ರಬ್ಬರ್ ಅಲ್ಲ, ನೂಲು. ಹೊರಗಿನ ಕಪ್ಪು ಮೈ ಮಾತ್ರ ಅಲ್ಲಿಯವರೆಗೂ ಮಿರುಗುತ್ತಲೇ ಇರುತ್ತದೆ.

ಒತ್ತಡವೂ ಸಾಮಾನ್ಯವಲ್ಲ. ಅರ್ಧ ನೀರು, ಅರ್ಧ ಇಥಿಲಿನ್ ಗ್ಲೈಕಾಲ್ ಸೇರಿದ ಕೂಲೆಂಟ್ ಸೊನ್ನೆಯ ಕೆಳಗೆ ಸುಮಾರು 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ರೇಡಿಯೇಟರ್ ಮುಚ್ಚಳ ಬಿಗಿಯಾಗಿದ್ದರೆ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಆ ಬಿಗಿ ಮುಚ್ಚಳದ ಋಣವನ್ನು ತೀರಿಸುವುದು ಹೋಸ್. ಬಾಲ್ಯದಲ್ಲಿ ಸಂಪಾಜೆ ಘಾಟಿ ಹತ್ತುವಾಗ ಬಸ್ಸು ಹಬೆಯುಗುಳಿ ನಿಂತದ್ದು, ಕಂಡಕ್ಟರು ಡಬ್ಬಿ ಹಿಡಿದು ತೊರೆಗೆ ಇಳಿದದ್ದು, ಡ್ರೈವರು ಗೋಣಿ ಸುತ್ತಿಕೊಂಡ ಕೈಯಲ್ಲಿ ಮುಚ್ಚಳ ತಿರುಗಿಸಿ ಮಾರು ದೂರ ಹಾರಿದ್ದು, ಇವೆಲ್ಲ ಕಂಡವರಿಗೆ ಒತ್ತಡ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಬಸ್ಸಿಗೆ ತೊರೆಯ ನೀರು ಕುಡಿಸಿ ಮುಂದೆ ಹೋಗುತ್ತಿದ್ದೆವು. ಈ ಅಲ್ಯೂಮಿನಿಯಂ ತಲೆಯ ಎಂಜಿನ್ನು ಒಮ್ಮೆ ಕುದಿದರೆ ಅಷ್ಟಕ್ಕೆ ಬಿಡುವುದಿಲ್ಲ, ತಲೆಯೇ ಸೊಟ್ಟಗಾಗಬಹುದು.

ಹೊಸ ಹೋಸ್ ಕೊಳ್ಳುವುದೇ ಒಂದು ವ್ಯವಹಾರ. ಇಷ್ಟು ಹಳೆಯ ಕಾರಿಗೆ ಕೆಲವು ಸಿಗುತ್ತವೆ, ಕೆಲವು ಸಿಗುವುದೇ ಇಲ್ಲ. ನೇರ ಹೋಸ್ ಆದರೆ ಅಡಿಗಿಷ್ಟು ಎಂದು ಕತ್ತರಿಸಿ ಕೊಡುತ್ತಾರೆ. ಬಾಗಿದ್ದನ್ನು ಹಾಗೆ ಮಾಡಲಾಗದು. ನೇರವಾದದ್ದನ್ನು ಬಗ್ಗಿಸಿದರೆ ಮೊಣಕೈಯಲ್ಲಿ ಮಡಚಿಕೊಂಡು ನೀರಿನ ದಾರಿ ಕಟ್ಟುತ್ತದೆ. ಬಾಗುವಿಕೆ ಹುಟ್ಟಿನಿಂದಲೇ ಬರಬೇಕು. ಹಸಿ ರಬ್ಬರಿನ ಕೊಳವೆಯನ್ನು ಬಾಗಿದ ಕಬ್ಬಿಣದ ಅಚ್ಚಿಗೆ ಏರಿಸಿ, ಹಬೆಯ ಕಡಾಯಿಯಲ್ಲಿ ಬೇಯಿಸಿ, ಬಿಸಿಯಾರುವ ಮೊದಲೇ ಎಳೆದು ತೆಗೆಯಬೇಕು. ನೆರೆಮನೆಯವನು ವಯಸ್ಸಿನಲ್ಲಿ ಮಾಡಿದ ಕೆಲಸ ಅದೇ, ಆ ಎಳೆಯುವುದು. ಅವನ ಭುಜಗಳು ಈಗಲೂ ಅದನ್ನು ಹೇಳುತ್ತವೆ. ಅವನ ಉಪಾಯದಂತೆ ಸಿಗದ ತುಂಡುಗಳ ಅಳತೆಗೆ ದಪ್ಪ ತಂತಿಯನ್ನು ಬಗ್ಗಿಸಿಕೊಂಡು ಬಿಡಿಭಾಗದ ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಕಂಪ್ಯೂಟರಿನ ಮುಂದೆ ಕೂತು “ಯಾವ ಕಾರು?” ಎಂದ. ಕಾರು ಬೇಡ, ತಿರುವು ಬೇಕು ಎಂದೆ. ಅವನಿಗೆ ತಲೆಬುಡ ತಿಳಿಯಲಿಲ್ಲ, ಆದರೂ ಗೋಡೆಯ ತುಂಬ ನೇತುಹಾಕಿದ್ದ ಹೋಸ್‌ಗಳ ಕಡೆ ಕೈ ತೋರಿಸಿದ. ಯಾವುದೋ ವ್ಯಾನಿನದು, ಯಾವುದೋ ಟ್ರಕ್ಕಿನದು, ನನ್ನ ತಂತಿಗೆ ಎಲ್ಲೋ ಒಂದು ಮೂಲೆಯಲ್ಲಿ ಹೊಂದುವ ತಿರುವು ಇದ್ದೇ ಇತ್ತು. ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಕತ್ತರಿಸಿದರಾಯಿತು.

ನೀಲಿ, ಕೆಂಪು ಬಣ್ಣದ ಸಿಲಿಕೋನ್ ಹೋಸ್ ಹಾಕು ಎಂದು ಸಲಹೆ ಕೊಟ್ಟವರಿದ್ದರು. ಬಿಸಿಗೆ ಸಿಲಿಕೋನ್ ಜಗ್ಗುವುದಿಲ್ಲ, ಒಪ್ಪುತ್ತೇನೆ. ಆದರೆ ಅದರ ಮೈಯಿಂದ ನೀರಾವಿ ಮೆಲ್ಲಗೆ ಜಿನುಗಿ ಹೋಗುತ್ತದೆ. ಸ್ಕ್ರೂ ತಿರುಗಿಸುವ ಸಾಮಾನ್ಯ ಕ್ಲಾಂಪಿನ ಕಿಂಡಿಗಳು ಅದರ ಮೆದು ಮೈಯನ್ನು ಕಚ್ಚುತ್ತವೆ. ಓಟದ ಕಾರಿನವರು ಪದೇ ಪದೇ ಬಿಚ್ಚಿ ನೋಡುವವರು, ಅವರಿಗೆ ಅದು ಸರಿ. ನನಗೆ ಬೇಕಾದದ್ದು ಕಪ್ಪು ಇಪಿಡಿಎಂ ರಬ್ಬರ್. ಇದು ಮರದ ಹಾಲಿನದಲ್ಲ, ಪೆಟ್ರೋಲಿಯಂ ಮೂಲದ್ದು. ಸುಳ್ಯದ ರಬ್ಬರ್ ಬಿಸಿ ಗ್ಲೈಕಾಲಿನ ಮುಂದೆ ಬಹಳ ದಿನ ನಿಲ್ಲುವುದಿಲ್ಲ ಎಂದು ಹೇಳಲು ಊರಿನವನಾದ ನನಗೆ ತುಸು ಸಂಕಟವೇ. ಇನ್ನು ಕ್ಲಾಂಪಿನಲ್ಲೂ ನಾನು ಹಳೆಯ ಪಂಥ. ಕಾರಿನ ಜೊತೆ ಹುಟ್ಟಿದ ಸ್ಪ್ರಿಂಗ್ ಕ್ಲಾಂಪ್‌ಗಳನ್ನು ಜನ ಅಗ್ಗದ್ದೆಂದು ಎಸೆಯುತ್ತಾರೆ. ಹೋಸ್ ಬಿಸಿಗೆ ಉಬ್ಬಿದರೆ ಅದೂ ಹಿಗ್ಗುತ್ತದೆ, ಆರಿದಾಗ ತಾನೂ ಕುಗ್ಗಿ ಹಿಡಿತ ಉಳಿಸಿಕೊಳ್ಳುತ್ತದೆ. ಸ್ಕ್ರೂ ಕ್ಲಾಂಪಿಗೆ ಆ ವಿವೇಕವಿಲ್ಲ.

ಬಿಚ್ಚುವ ಕೆಲಸ ನಿಧಾನದ್ದು, ಮತ್ತು ನಿಜವಾದ ಸುಖ ಇರುವುದು ಇಲ್ಲಿಯೇ. ಕೂಲೆಂಟನ್ನು ಮೊದಲು ಅಗಲ ಬಾಂಡ್ಲಿಗೆ ಇಳಿಸಿ, ಮುಚ್ಚಳವಿರುವ ಕ್ಯಾನಿಗೆ ತುಂಬಿಡಬೇಕು. ಅದರ ರುಚಿ ಸಿಹಿ. ನಾಯಿ ಬೆಕ್ಕುಗಳು ನೆಕ್ಕಿದರೆ ಪ್ರಾಣವೇ ಹೋಗುತ್ತದೆ. ವರ್ಷಗಳಿಂದ ಒಂದೇ ಕಡೆ ಕೂತ ಹೋಸ್ ಲೋಹದ ಮೂತಿಗೆ ಅಂಟಿರುತ್ತದೆ. ಎಳೆದಾಡಿದರೆ ರೇಡಿಯೇಟರಿನ ಮೂತಿಯೇ ಕಿತ್ತು ಬರುತ್ತದೆ, ಆದ್ದರಿಂದ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಬಿಡಿಸುವುದು ಮರ್ಯಾದೆ. ಕೆಳಗೆ ಬಿಳಿಯ ಪುಡಿ ಕಟ್ಟಿರುತ್ತದೆ. ಅದನ್ನು ನಯವಾದ ಉಜ್ಜು ಕಾಗದದಿಂದ, ಬೆರಳು ಜಾರುವವರೆಗೆ ಉಜ್ಜಬೇಕು. ಹೊಸ ಹೋಸ್ ಏರಿಸುವಾಗ ಗ್ರೀಸು, ಎಣ್ಣೆ ಸವರಬಾರದು. ಈ ರಬ್ಬರ್ ಎಣ್ಣೆ ಕುಡಿದರೆ ಊದಿಕೊಳ್ಳುತ್ತದೆ. ನಾಲ್ಕು ಹನಿ ಕೂಲೆಂಟ್ ಸಾಕು. ಹೋಸ್ ಮೇಲಿನ ಬಿಳಿ ಗುರುತನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ಒತ್ತಿದರೆ ಅದು ಮೂತಿಯ ಉಬ್ಬನ್ನು ಹತ್ತಿ ಇಳಿದು ಕೂತುಬಿಡುತ್ತದೆ. ಕೂತದ್ದು ಅಂಗೈಗೆ ತಿಳಿಯುತ್ತದೆ, ಕಣ್ಣಿಗಲ್ಲ. ಎಂಜಿನ್ನಿನ ಹಿಂಬದಿಯವು ಎಲ್ಲವೂ ಅಂಗೈಯ ಕೆಲಸವೇ. ಅಲ್ಲಿ ತಲೆ ತೂರುವುದಿಲ್ಲ, ಟಾರ್ಚು ತೂರಿದರೆ ಕೈ ತೂರುವುದಿಲ್ಲ.

ಒಮ್ಮೆ ಆ ಸ್ಥಿತಿಯಲ್ಲಿದ್ದಾಗಲೇ ಅಮ್ಮನ ವೀಡಿಯೊ ಕಾಲ್ ಬಂತು. ಹೆಂಡತಿ ಫೋನನ್ನು ತಂದು ಕಾರಿನ ಅಡಿಗೆ ಹಿಡಿದಳು.

“ಎಂತ ಮಗಾ, ಅಲ್ಲಿ ಮಲಗಿದ್ದು?”

“ನೀರಿನ ಪೈಪು ಹಾಕ್ತಾ ಇದ್ದೇನೆ ಅಮ್ಮ.”

“ನಮ್ಮ ತೋಟದ್ದೂ ಒಡೆದು ತಿಂಗಳಾಯ್ತು. ಅದಕ್ಕೆ ಜನವೇ ಸಿಗುವುದಿಲ್ಲ” ಎಂದು ಇಟ್ಟರು.

ನನ್ನದು ಟರ್ಬೊ ಇಲ್ಲದ ಮೊದಲ ಪೀಳಿಗೆಯ ಕಾರಾದದ್ದು ಪುಣ್ಯ. ಎರಡನೇ ಪೀಳಿಗೆಯ ಟರ್ಬೊ ಎಂಆರ್2ನಲ್ಲಿ ಗೇಣುದ್ದವೂ ಇಲ್ಲದ ಒಂದು ಹೋಸ್ ಇದೆ. ಅದು ಎಂಥ ಸಂದಿಯಲ್ಲಿದೆ ಎಂದರೆ ಅದರ ಒಡೆಯರು ಅದಕ್ಕೆ ‘ನರಕದ ಹೋಸ್’ ಎಂದೇ ನಾಮಕರಣ ಮಾಡಿದ್ದಾರೆ. ಎಂಜಿನ್ ಕೆಳಗಿಳಿಸುವ ಯೋಗ ಬಂದಾಗ ಮಾತ್ರ ಅದನ್ನು ಬದಲಿಸುವುದು ಬುದ್ಧಿವಂತರ ರೂಢಿ. ನೆರೆಮನೆಯವನಿಗೆ ಇದನ್ನು ಹೇಳಿದೆ. ಅವನು ನಗಲಿಲ್ಲ. ಬಹುಶಃ ತಾನೇ ಬೇಯಿಸಿದ ಪದಾರ್ಥವನ್ನು ಯಾರೋ ಬೈದಂತೆ ಅನ್ನಿಸಿರಬೇಕು. ನಾನು ಸೀಳಿ ಬಿಸಾಡಿದ್ದ ಹಳೆಯ ಹೋಸ್‌ಗಳನ್ನು ಒಂದೊಂದಾಗಿ ಎತ್ತಿ, ಒಳಮೈಯನ್ನು ಬೆಳಕಿಗೆ ಹಿಡಿದು, ಸೀಳುಗಳನ್ನು ಉಗುರಿನಲ್ಲಿ ಗೀಚಿ ನೋಡುತ್ತ ಕೂತ. “ಇಷ್ಟು ವರ್ಷ ಬಂದಿದೆ. ಯಾರು ಮಾಡಿದ್ದೋ, ಒಳ್ಳೇ ಕೆಲಸ ಮಾಡಿದ್ದಾನೆ” ಎಂದ. ಅವನ್ನು ಕಸಕ್ಕೆ ಹಾಕಲು ಬಿಡದೆ ತನ್ನ ಕುರ್ಚಿಯ ಜೊತೆಗೇ ಮನೆಗೆ ಒಯ್ದ. ಏನು ಮಾಡಿದನೋ ನಾನು ಕೇಳಲಿಲ್ಲ.

ಎಲ್ಲ ಜೋಡಿಸಿದ ಮೇಲೆ ಬೇರೆ ಕಾರಾಗಿದ್ದರೆ ನೀರು ತುಂಬಿ ಹೊರಟುಬಿಡಬಹುದು. ಇದರಲ್ಲಿ ಹಾಗಲ್ಲ. ತುಂಬುವ ಬಾಯಿ ಹಿಂದಿದೆ, ಗಾಳಿ ಸಿಕ್ಕಿಕೊಳ್ಳುವುದು ಮುಂದೆ, ರೇಡಿಯೇಟರಿನ ಮತ್ತು ಹೀಟರಿನ ನೆತ್ತಿಯಲ್ಲಿ. ಅದಕ್ಕಾಗಿ ಅಲ್ಲಿ ಸಣ್ಣ ಕಿಂಡಿಗಳನ್ನು ಇಟ್ಟಿದ್ದಾರೆ. ಅವಕ್ಕೆ ಪಾರದರ್ಶಕ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ, ಮುಂದಿನ ಬಾನೆಟ್ಟನ್ನು ಎತ್ತಿ, ನಳಿಗೆಗಳನ್ನು ಅದಕ್ಕೆ ಎತ್ತರದಲ್ಲಿ ಕಟ್ಟಿ ನಿಲ್ಲಿಸಬೇಕು. ಕಾರಿಗೆ ಗ್ಲೂಕೋಸ್ ಹಾಕಿದ್ದಾರೆಯೇ ಎಂದು ದಾರಿಹೋಕರು ನಿಂತು ನೋಡುವ ದೃಶ್ಯ. ಹಿಂದೆ ಒಂದು ಲೋಟ ಕೆಂಪು ದ್ರವ ಸುರಿದರೆ ಮುಂದಿನ ನಳಿಗೆಯಲ್ಲಿ ಒಂದಿಷ್ಟು ಏರುತ್ತದೆ, ಗುಳುಗುಳು ಎಂದು ಗಾಳಿ ಬಿಡುತ್ತದೆ, ಮತ್ತೆ ಇಳಿಯುತ್ತದೆ. ಮತ್ತೆ ಸುರಿಯಬೇಕು. ದಪ್ಪ ಹೋಸ್‌ಗಳನ್ನು ಆಗಾಗ ಹಿಚುಕಿ ತೇಗಿಸಬೇಕು. ಇದಕ್ಕೆ ಆತುರದವರು ಆಗುವುದಿಲ್ಲ. ನಾನು ಒಂದು ಕೈಯಲ್ಲಿ ಕಾಫಿ ಇಟ್ಟುಕೊಂಡೇ ಮಾಡುತ್ತೇನೆ. ಎರಡೂ ನಳಿಗೆಗಳಲ್ಲಿ ಮಟ್ಟ ಸಮವಾಗಿ ನಿಂತು, ಗುಳ್ಳೆ ನಿಂತ ಮೇಲೆ ಕಿಂಡಿ ಮುಚ್ಚಿ, ಎಂಜಿನ್ ಚಾಲೂ ಮಾಡಬೇಕು. 82 ಡಿಗ್ರಿ ಸುಮಾರಿಗೆ ಥರ್ಮೋಸ್ಟಾಟ್ ತೆರೆದುಕೊಂಡಾಗ ಮುಂದಿನ ಹೋಸ್ ಕೈಗೆ ಬೆಚ್ಚಗಾಗುತ್ತ ಬರುತ್ತದೆ: ಹಿಂದಿನಿಂದ ಹೊರಟ ನೀರು ನಮ್ಮ ಸೀಟುಗಳ ಕೆಳಗೆ ಹಾದು ಮೂತಿಗೆ ತಲುಪಿತು ಎಂದು ಅರ್ಥ.

ಆದರೂ ಒಳಗೆಲ್ಲೋ ಗಾಳಿ ಉಳಿದಿಲ್ಲ ಎನ್ನಲು ಪಕ್ಕಾ ಸಾಕ್ಷಿ ಹೀಟರು. ಹೀಟರಿನೊಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಎಂಜಿನ್ ಎಷ್ಟೇ ಕಾದರೂ ಕಾಲಿಗೆ ತಣ್ಣನೆಯ ಗಾಳಿಯೇ ಬೀಸುತ್ತದೆ. ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಕಯಹೋಗ ಕಣಿವೆಯ ರಾಷ್ಟ್ರೀಯ ಉದ್ಯಾನದ ಕಡೆ ಹೊರಟೆ. ಅಲ್ಲಿ ನದಿಯ ಪಕ್ಕಕ್ಕೆ ಹೋಗುವ ರಿವರ್‌ವ್ಯೂ ರಸ್ತೆ ಈ ಕಾರಿಗೆಂದೇ ಹಾಕಿದ್ದು ಎಂದು ನನ್ನ ನಂಬಿಕೆ. ಮೇ ತಿಂಗಳು, ಬಿಸಿಲು ಚೆನ್ನಾಗಿಯೇ ಇತ್ತು. ಹೀಟರನ್ನು ಪೂರ್ತಿ ತಿರುಗಿಸಿ ಫ್ಯಾನು ಜೋರಾಗಿ ಬಿಟ್ಟೆ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅರ್ಧಕ್ಕಿಂತ ಕೆಳಗೆ ಕದಲದೆ ನಿಂತಿತ್ತು. ಎಂಜಿನ್ ಬೆನ್ನಿಗೆ ಗುನುಗುತ್ತಿತ್ತು. ಮೈಸೂರಿನವಳಾದ ನನ್ನ ಹೆಂಡತಿ ಬಹಳ ಹೊತ್ತು ತಾಳ್ಮೆಯಿಂದ ಹೊರಗೆ ನೋಡುತ್ತಿದ್ದವಳು ಕೊನೆಗೆ ತಿರುಗಿದಳು.

“ರೀ, ಬೆವರು ಕಿತ್ತುಕೊಂಡು ಬರ್ತಿದೆ.”

“ಬರ್ತಿದೆ ತಾನೆ? ಕಾಲಿಗೂ ಬರ್ತಿದೆಯಾ ನೋಡು.”

“ಕಾಲು ಬೆಂದೇ ಹೋಯ್ತು!”

“ಎರಡೂ ಕಡೆ?”

ಅವಳು ಉತ್ತರ ಕೊಡಲಿಲ್ಲ. ಕೈ ಚಾಚಿ ಹೀಟರ್ ಆರಿಸಿ, ಕಿಟಕಿಯ ಗಾಜು ಪೂರ್ತಿ ಇಳಿಸಿದಳು. “ಮುಂದಿನ ಸಲ ಸಾಕ್ಷಿ ಹೇಳೋಕೆ ಆ ಪಕ್ಕದ್ಮನೆ ಅಜ್ಜನ್ನ ಕರ್ಕೊಂಡು ಬನ್ನಿ” ಎಂದಳು.